ಓಡಿಬಂದವನೂ ಬಾಗಿಲು ತೆರೆದವನೂ

ಕಳೆದ ಮಳೆಗಾಲದಲ್ಲಿ ನಾಲ್ಕು ದಿನ ನಾನು ಚೋರನೂರಿನಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದೆ. ಸಂಡೂರು ತಾಲ್ಲೂಕಿನ ಈ ಊರಿನ ಹೆಸರನ್ನು ಮೊದಲ ಬಾರಿಗೆ ಕೇಳಿದವರು ಮುಗುಳ್ನಗುವುದುಂಟು. ನಾನು ಹುಟ್ಟಿ ಬೆಳೆದ ಊರಾದುದರಿಂದ ಆ ನಗೆ ನನಗೆ ಅಭ್ಯಾಸವಾಗಿದೆ. ಅಕ್ಕನನ್ನು ಊರಿನಲ್ಲಿಯೇ ಕೊಟ್ಟಿದ್ದಾರೆ. ಎಪ್ಪತ್ತರ ಸಮೀಪದಲ್ಲಿರುವ ಆಕೆಗೆ ಈಗ ಮೊಮ್ಮಕ್ಕಳ ಸಂಸಾರ.

ಒಂದು ಸಂಜೆ ಮಳೆ ಹಿಡಿದು ಕುಳಿತಿತ್ತು. ಹಿರಿಯ ಮೊಮ್ಮಗ ಟಿ.ವಿ.ಯಲ್ಲಿ ಒಂದು ಇಂಗ್ಲಿಷ್ ಚಿತ್ರ ಹಾಕಿದ್ದ. ಸೆರೆಮನೆಯಿಂದ ತಪ್ಪಿಸಿಕೊಂಡ ಒಬ್ಬ ಮನುಷ್ಯ ಕಾಡು ಸೇರುತ್ತಾನೆ. ಹಿಂದೆ ನಾಯಿಗಳು, ಬಂದೂಕಿನವರು. ಮುಂದೆ ಹಿಮ, ಹೊಳೆ, ಹಸಿವು. ಅವನು ಹಸಿ ಮೀನನ್ನು ತಿನ್ನುತ್ತಾನೆ, ಮರದ ಪೊಟರೆಯಲ್ಲಿ ಮಲಗುತ್ತಾನೆ, ಗಾಯಕ್ಕೆ ತಾನೇ ಹೊಲಿಗೆ ಹಾಕಿಕೊಳ್ಳುತ್ತಾನೆ. ಹುಡುಗರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವನು ಬದುಕುವನೇ, ಸಿಕ್ಕಿಬೀಳುವನೇ ಎಂಬುದೊಂದೇ ಅವರ ಕುತೂಹಲ. ಭಾಷೆ ತಿಳಿಯದೆ ನೋಡುತ್ತ ಕುಳಿತಿದ್ದ ಅಕ್ಕ ಮಾತ್ರ ನನ್ನ ಕಡೆ ತಿರುಗಿ ಕೇಳಿದಳು: “ಅಲ್ಲ ತಮ್ಮಾ, ಇಷ್ಟು ದೂರ ಓಡಿದ್ನಲ್ಲ, ಅವಂಗೆ ಯಾರೂ ಒಂದು ರೊಟ್ಟಿ ಕೊಡಲಿಲ್ಲೇನಪ್ಪಾ?”

ಆ ಚಿತ್ರದಲ್ಲಿ ಅಂಥವರು ಯಾರೂ ಇರಲಿಲ್ಲ. ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಅಕ್ಕ ಹಾಗೆ ಕೇಳಿದ್ದಕ್ಕೆ ನಮ್ಮ ಮನೆಯೊಳಗಿನದೇ ಆದ ಒಂದು ಕಾರಣವುಂಟು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಪ್ರಕೃತ, ಆಕೆಯ ಪ್ರಶ್ನೆ ಚರಿತ್ರೆಯ ವಿದ್ಯಾರ್ಥಿಯೊಬ್ಬ ಕೇಳಬೇಕಾದ ಪ್ರಶ್ನೆ ಎಂದು ನನಗೆ ಅನ್ನಿಸಿತು. ತಪ್ಪಿಸಿಕೊಂಡು ಓಡಿದವನ ಸಾಹಸವನ್ನು ಎಲ್ಲರೂ ನೋಡುತ್ತಾರೆ. ಅವನು ತಟ್ಟಿದ ಬಾಗಿಲುಗಳ ಹಿಂದೆ ಯಾರಿದ್ದರು, ಅವರು ಏನು ಮಾಡಿದರು, ಅದಕ್ಕೆ ಏನು ತೆತ್ತರು ಎಂಬುದನ್ನು ನೋಡುವವರು ಕಡಿಮೆ. ಕನ್ನಡ ನಾಡಿನ ಚರಿತ್ರೆಯಿಂದ ಅಂಥ ಇಬ್ಬರು ಪಲಾಯಿತರ ವೃತ್ತಾಂತವನ್ನು ಈ ಹದಿನೈದು ನಿಮಿಷಗಳಲ್ಲಿ ತಮ್ಮ ಮುಂದಿಡುತ್ತೇನೆ. ಮೊದಲನೆಯದು ಸುಮಾರು 225 ವರ್ಷಗಳ ಹಿಂದಿನದು. ಎರಡನೆಯದು ಅದಕ್ಕೂ ಬಹಳ ಹಿಂದಿನದು. ಆದರೆ ಚೋರನೂರಿಗೆ ತೀರ ಹತ್ತಿರದ್ದು.

ಮೊದಲನೆಯವನು ಚಿತ್ರದ ನಾಯಕನಂತೆ ನಿಜವಾಗಿಯೂ ಸೆರೆಯಿಂದ ಹೊರಬಿದ್ದವನು: ಧೋಂಡಿಯಾ ವಾಘ್. ಚನ್ನಗಿರಿಯಲ್ಲಿ ಹುಟ್ಟಿದ ಈ ಮರಾಠ ಸವಾರ ಹೈದರಾಲಿಯ ಸೈನ್ಯದಲ್ಲಿದ್ದವನು. ಮುಂದೆ ತನ್ನದೇ ಒಂದು ದಂಡು ಕಟ್ಟಿಕೊಂಡು ಧಾರವಾಡ, ಸವಣೂರುಗಳ ಸೀಮೆಯಲ್ಲಿ ಸುಲಿಗೆ ಮಾಡುತ್ತ ತಿರುಗಿದ. ಟಿಪ್ಪು ಸುಲ್ತಾನನು ಅವನನ್ನು ಶ್ರೀರಂಗಪಟ್ಟಣಕ್ಕೆ ಕರೆಸಿಕೊಂಡನಾದರೂ ಸಂಬಂಧ ಬಹುಕಾಲ ಉಳಿಯಲಿಲ್ಲ. ಧೋಂಡಿಯಾ ಸಂಕೋಲೆ ತೊಟ್ಟು ಸೆರೆಮನೆ ಸೇರಿದ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಮಡಿದ. ಆ ಗೊಂದಲದಲ್ಲಿ ಸೆರೆಯಾಳುಗಳು ಹೊರಬಂದರು. ಅವರೊಂದಿಗೆ ಧೋಂಡಿಯಾನೂ ಹೊರಬಂದು ಬಿದನೂರಿನ ಕಾಡುಸೀಮೆಯ ಕಡೆ ಓಡಿದ.

ಮುಂದಿನ ಹದಿನಾರು ತಿಂಗಳು ಒಂದು ದೀರ್ಘ ಬೇಟೆ. ಕೆಲಸ ಕಳೆದುಕೊಂಡ ಟಿಪ್ಪುವಿನ ಸವಾರರು ಅವನ ಸುತ್ತ ನೆರೆದರು. ಕಂಪನಿಯ ಪಡೆಗಳು ಅದೇ ವರ್ಷ ಅವನನ್ನು ಶಿಕಾರಿಪುರದಿಂದ ಓಡಿಸಿದುವು. ಗಡಿ ದಾಟಿ ಮರಾಠರ ನೆಲಕ್ಕೆ ಹೋದರೆ ಅಲ್ಲಿ ಧೋಂಡೋಪಂತ ಗೋಖಲೆಯ ಸೈನ್ಯ ಅವನ ಮೇಲೆ ಬಿತ್ತು. ಆನೆಗಳೂ ಫಿರಂಗಿಗಳೂ ಹೋದುವು. ಅಷ್ಟಾದರೂ 1800ರ ಬೇಸಗೆಯ ಹೊತ್ತಿಗೆ ಸಾವಿರಾರು ಕುದುರೆಗಳೊಡನೆ ಅವನು ಮತ್ತೆ ಎದ್ದುನಿಂತಿದ್ದ. ಉಭಯಲೋಕಾಧೀಶ್ವರ ಎಂಬ ಬಿರುದನ್ನೂ ಧರಿಸಿದ್ದ. ಒಂದು ವರ್ಷದ ಹಿಂದೆ ಕಾಲಿನಲ್ಲಿ ಸಂಕೋಲೆಯಿದ್ದವನು ಇಹಪರಗಳೆರಡಕ್ಕೂ ಒಡೆಯನೆಂದು ಹೇಳಿಕೊಂಡದ್ದನ್ನು ಕಂಡು ಇಂಗ್ಲಿಷರು ನಕ್ಕರು. ನನಗೆ ಅದರಲ್ಲಿ ನಗೆ ಕಾಣುವುದಿಲ್ಲ. ಇಹದಲ್ಲಿ ನಿಲ್ಲಲು ಒಂದು ಊರೂ ಇಲ್ಲದವನಿಗೆ ಎರಡು ಲೋಕಗಳು ಬೇಕಾಗಿದ್ದರೆ ಆಶ್ಚರ್ಯವೇನು?

ಅವನನ್ನು ಬೆನ್ನಟ್ಟಿದವನು ಆರ್ಥರ್ ವೆಲ್ಲೆಸ್ಲಿ, ಮುಂದೆ 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಎದುರಿಸಿ ಗೆದ್ದವನು. ಬಟಾವಿಯದ ದಂಡಯಾತ್ರೆಯ ನಾಯಕತ್ವ ತನಗೆ ಬಂದಾಗ ಈ ಬೇಟೆಗಾಗಿ ಅದನ್ನು ಬಿಟ್ಟುಕೊಟ್ಟವನೂ ಅವನೇ. 1800ರ ಜೂನಿನಲ್ಲಿ ಅವನ ಸೈನ್ಯ ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿತು. ಮರಾಠರ ನೆಲವನ್ನು ಹೊಗುವುದಕ್ಕೆ ಪೇಶ್ವೆಯ ಅನುಮತಿ ಅವನಿಗಿತ್ತು. ರಾಣೆಬೆನ್ನೂರು, ಕುಂದಗೋಳ, ಡಂಬಳ, ಒಂದೊಂದಾಗಿ ಧೋಂಡಿಯಾನ ಠಾಣ್ಯಗಳು ಬಿದ್ದುವು. ಜುಲೈ 30ರಂದು ಮನೋಳಿಯ ಬಳಿ ಅವನ ಪಾಳೆಯದ ಎಷ್ಟೋ ಜನ ಮಲಪ್ರಭೆಯ ಪ್ರವಾಹದಲ್ಲಿ ಕೊಚ್ಚಿಹೋದರು. ಕೊನೆಗೆ ಸೆಪ್ಟೆಂಬರ್ 10ರಂದು ನಿಜಾಮನ ಸೀಮೆಯ ಕೋನಗಲ್ ಎಂಬಲ್ಲಿ ನಾಲ್ಕು ಅಶ್ವದಳಗಳು ಏಕಕಾಲಕ್ಕೆ ಅವನ ಮೇಲೆ ಏರಿಹೋದುವು. ಧೋಂಡಿಯಾ ಅಲ್ಲಿ ಬಿದ್ದ. ಅವನ ಹೆಣವನ್ನು ಫಿರಂಗಿಯ ಬಂಡಿಗೆ ಕಟ್ಟಿ ಪಾಳೆಯಕ್ಕೆ ತಂದರು. ಮರು ತಿಂಗಳು ನಿಜಾಮನು ಬಳ್ಳಾರಿಯೇ ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ.

ಧೋಂಡಿಯಾ ದರೋಡೆಗಾರನೋ ಸ್ವಾತಂತ್ರ್ಯವೀರನೋ ಎಂಬ ಚರ್ಚೆ ಬಹಳ ನಡೆದಿದೆ. ಅವನು ಊರುಗಳನ್ನು ಸುಲಿದದ್ದು ನಿಜ, ಕಂಪನಿಗೆ ತಲೆಬಾಗದಿದ್ದದ್ದೂ ನಿಜ. ಎರಡನ್ನೂ ಒಪ್ಪಿಕೊಂಡು ಮುಂದೆ ಹೋಗುವುದು ಒಳ್ಳೆಯದು. ನಾನು ಹೇಳಬೇಕೆಂದಿರುವ ಸಂಗತಿ ಬೇರೆ. ಹದಿನಾರು ತಿಂಗಳಲ್ಲಿ ಅವನು ಮೈಸೂರಿನ ನೆಲ, ಮರಾಠರ ನೆಲ, ನಿಜಾಮನ ನೆಲ ಮೂರನ್ನೂ ತುಳಿದ. ಮೂರರಲ್ಲಿ ಯಾವುದೂ ಅವನಿಗೆ ನಿಲ್ಲುವ ನೆಲೆಯಾಗಲಿಲ್ಲ. ಆಶ್ರಯ ದೊರೆತದ್ದು ಅವನಿಗಲ್ಲ, ಅವನ ಮಗನಿಗೆ. ಸುಮಾರು ನಾಲ್ಕು ವರ್ಷದ ಸಲಾಬತ್ ಖಾನ್ ಎಂಬ ಮಗು ಪಾಳೆಯದ ಸಾಮಾನುಗಳ ನಡುವೆ ಸಿಕ್ಕಿತು. ಅದನ್ನು ವೆಲ್ಲೆಸ್ಲಿಯ ಡೇರೆಗೆ ಒಯ್ದರು. ಅಪ್ಪನನ್ನು ಕೊಂದವನೇ ಮಗನನ್ನು ಸಾಕಿದ. 1805ರಲ್ಲಿ ಇಂಡಿಯಾ ಬಿಟ್ಟು ಹೋಗುವಾಗ ಅದರ ಪೋಷಣೆಗೆಂದು ಹಣವನ್ನೂ ಇಟ್ಟುಹೋದ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ.

ವೆಲ್ಲೆಸ್ಲಿಯ ಈ ನಡೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಯೆ ಯಾರಲ್ಲಿದ್ದರೂ ದಯೆಯೇ. ಆದರೆ ಅದು ಗೆದ್ದವನ ದಯೆ. ಬೇಟೆ ಮುಗಿದ ಮೇಲೆ ಬಾಗಿಲು ತೆರೆಯುವುದಕ್ಕೆ ಅಂಜಿಕೆಯಿಲ್ಲ. ಬೇಟೆ ನಡೆಯುತ್ತಿರುವಾಗ, ನಾಯಿಗಳು ಬೊಗಳುವುದು ಕಿವಿಗೆ ಬೀಳುತ್ತಿರುವಾಗ ತೆರೆದವರು ಯಾರಾದರೂ ಇದ್ದಾರೆಯೇ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನಾವು ಇನ್ನೂ ಐದು ಶತಮಾನ ಹಿಂದಕ್ಕೆ, ತುಂಗಭದ್ರೆಯ ದಂಡೆಯ ಕಂಪ್ಲಿಗೆ ಬರುತ್ತೇವೆ. ಚೋರನೂರಿನಿಂದ ಅದು ಒಂದು ಹಗಲಿನ ದಾರಿಯೂ ಅಲ್ಲ.

ಹದಿನಾಲ್ಕನೆಯ ಶತಮಾನದ ಮೊದಲ ಪಾದದಲ್ಲಿ, ದೇವಗಿರಿಯ ಸೇವುಣರ ಆಳಿಕೆ ಕುಸಿದ ಬಳಿಕ, ಈ ಸೀಮೆಯಲ್ಲಿ ಒಂದು ಚಿಕ್ಕ ರಾಜ್ಯ ತಲೆಯೆತ್ತಿತು. ಮುಮ್ಮಡಿ ಸಿಂಗೆಯ ನಾಯಕನ ಮಗ ಕಂಪಿಲರಾಯ ಅದರ ಅರಸು. ಕಂಪಿಲಿ, ಕುಮ್ಮಟ, ಹೊಸಮಲೆದುರ್ಗ ಅವನ ನೆಲೆಗಳು. ಉತ್ತರದಲ್ಲಿ ದೆಹಲಿಯ ಸುಲ್ತಾನ, ದಕ್ಷಿಣದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳ. ಬಲ್ಲಾಳನಿಗೂ ಕಂಪಿಲನಿಗೂ ಹಲವು ವರ್ಷಗಳ ಹಗೆಯಿತ್ತು. ಇಬ್ಬರು ದೊಡ್ಡವರ ನಡುವೆ ಚಿಕ್ಕ ರಾಜ್ಯವೊಂದು ಬದುಕಿಕೊಳ್ಳಬೇಕಾದರೆ ಯಾರ ಕೋಪವನ್ನೂ ಮೈಮೇಲೆ ಎಳೆದುಕೊಳ್ಳಬಾರದು. ಇದು ರಾಜನೀತಿಯ ಮೊದಲ ಪಾಠ.

ಆಗ ಬಂದವನು ಬಹಾಉದ್ದೀನ್ ಗುರ್ಶಾಸ್ಪ್. ಅವನು ದೆಹಲಿಯ ರಾಜಮನೆತನದವನೇ, ಘಿಯಾಸುದ್ದೀನ್ ತುಘಲಕನ ತಂಗಿಯ ಮಗ. ಈಗಿನ ಯಾದಗಿರಿ ಜಿಲ್ಲೆಯ ಸಗರ ಅವನ ಅಧಿಕಾರದ ಸ್ಥಳವಾಗಿತ್ತು. ಘಿಯಾಸುದ್ದೀನನ ನಂತರ ಮಹಮದ್ ಬಿನ್ ತುಘಲಕ್ ಪಟ್ಟಕ್ಕೆ ಬಂದಾಗ ಗುರ್ಶಾಸ್ಪ್ ಅವನಿಗೆ ವಿಧೇಯನಾಗಲು ಒಪ್ಪದೆ ದಂಗೆಯೆದ್ದ. ಸುಲ್ತಾನನ ಸೈನ್ಯದೆದುರು ಸೋತು, ಸಗರಕ್ಕೆ ಓಡಿಬಂದು, ಹೆಂಡಿರು ಮಕ್ಕಳನ್ನು ಕರೆದುಕೊಂಡು ದಕ್ಷಿಣಕ್ಕೆ ಹೊರಟ. ಹೀಗೆ ಅವನು ತಟ್ಟಿದ ಮೊದಲ ಬಾಗಿಲು ಕಂಪಿಲನದು.

ಕಂಪಿಲನಿಗೆ ಇವನು ನೆಂಟನಲ್ಲ, ಕುಲದವನಲ್ಲ, ಮತದವನಲ್ಲ. ಇವನನ್ನು ಒಳಗೆ ಕರೆದುಕೊಂಡರೆ ಏನಾಗುವುದೆಂದು ತಿಳಿಯದಷ್ಟು ಕಂಪಿಲ ಎಳೆಯನೂ ಅಲ್ಲ. ಆದರೂ ಕರೆದುಕೊಂಡ. ಕೆಲವು ಇತಿಹಾಸಕಾರರು ಇದರಲ್ಲಿ ರಾಜಕೀಯದ ಲೆಕ್ಕಾಚಾರವನ್ನು ಹುಡುಕುತ್ತಾರೆ. ಲೆಕ್ಕ ಇದ್ದಿರಬಹುದು. ಆದರೆ ಲೆಕ್ಕದಿಂದ ಮಾಡಿದ ಕೆಲಸವನ್ನು ಲೆಕ್ಕ ತಪ್ಪಿದಾಗ ಬಿಟ್ಟುಬಿಡುತ್ತಾರೆ. ಕಂಪಿಲ ಬಿಡಲಿಲ್ಲ. ಸುಲ್ತಾನನ ದಂಡು ಒಂದಾದ ಮೇಲೊಂದು ಬಂತು. ಮೊದಲ ಎರಡು ಸಲ ಕುಮ್ಮಟದ ಕೋಟೆ ಅವನ್ನು ಹಿಮ್ಮೆಟ್ಟಿಸಿತು. ಮೂರನೆಯ ಸಲ ಕುಮ್ಮಟ ಬಿತ್ತು. ಕಂಪಿಲ ಹೊಸಮಲೆದುರ್ಗಕ್ಕೆ ಸರಿದ. ಅಲ್ಲಿಯೂ ಮುತ್ತಿಗೆ, ಕೋಟೆಯೊಳಗೆ ಆಹಾರ ಮುಗಿಯುತ್ತ ಬಂತು. ಗುರ್ಶಾಸ್ಪನನ್ನು ಒಪ್ಪಿಸಿದ್ದರೆ ಮುತ್ತಿಗೆ ತೆರವಾಗುತ್ತಿತ್ತೋ ಏನೋ. ಅಂಥ ಒಂದು ದಾರಿ ಇತ್ತೆಂಬುದನ್ನು ಕೋಟೆಯೊಳಗಿದ್ದ ಪ್ರತಿಯೊಬ್ಬನೂ ಬಲ್ಲವನಾಗಿದ್ದಿರಬೇಕು.

ಮುಂದೆ ನಡೆದದ್ದನ್ನು ನಮಗೆ ವಿಸ್ತಾರವಾಗಿ ತಿಳಿಸುವವನು ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ. ಅವನು ಇಂಡಿಯಾಕ್ಕೆ ಬಂದದ್ದು 1333ರಲ್ಲಿ, ಅಂದರೆ ಘಟನೆಯಾದ ಆರು ವರ್ಷಗಳ ಮೇಲೆ. ಅವನು ಹೇಳುವ ಪ್ರಕಾರ ಕಂಪಿಲ ಗುರ್ಶಾಸ್ಪನನ್ನು ಕರೆದು, ಇನ್ನು ತನ್ನಿಂದ ನಿನ್ನನ್ನು ಕಾಯಲಾಗದು, ನಾನು ನನ್ನವರೊಡನೆ ಸಾಯಲು ನಿಶ್ಚಯಿಸಿದ್ದೇನೆ, ನೀನು ಇನ್ನೊಬ್ಬ ಅರಸನ ಬಳಿಗೆ ಹೋಗು ಎಂದು ಹೇಳಿ, ಜೊತೆಗೆ ಜನರನ್ನು ಕೊಟ್ಟು ಕಳುಹಿಸಿದ. ಆಮೇಲೆ ದೊಡ್ಡ ಬೆಂಕಿ ಹಾಕಿಸಿದ. ಅರಮನೆಯ ಹೆಂಗಸರೂ ಮಂತ್ರಿ ಮನ್ನೆಯರ ಮನೆಯ ಹೆಂಗಸರೂ ಮಿಂದು, ಗಂಧ ಪೂಸಿಕೊಂಡು, ಅರಸನೆದುರು ನೆಲಕ್ಕೆ ಬಾಗಿ ಬೆಂಕಿಯನ್ನು ಹೊಕ್ಕರು. ಗಂಡಸರು ಕೋಟೆಯ ಬಾಗಿಲು ತೆರೆದು ಹೊರನುಗ್ಗಿ ಕಾದಿ ಸತ್ತರು. ಇದು 1327ರ ಮಾತು. ಸೆರೆಸಿಕ್ಕ ಕಂಪಿಲನ ಹನ್ನೊಂದು ಮಂದಿ ಮಕ್ಕಳನ್ನು ಸುಲ್ತಾನನ ಬಳಿಗೆ ಒಯ್ದು ಮತಾಂತರಿಸಿದರು. ಅವರಲ್ಲಿ ಮೂವರನ್ನು ತಾನು ಕಂಡದ್ದಾಗಿಯೂ ಒಬ್ಬನೊಡನೆ ತನಗೆ ಸ್ನೇಹವಿದ್ದುದಾಗಿಯೂ ಬತೂತ ಬರೆಯುತ್ತಾನೆ.

ನಮ್ಮ ಶಾಸನಗಳಲ್ಲಿ ಶರಣಾಗತವಜ್ರಪಂಜರ ಎಂಬ ಬಿರುದು ಪದೇ ಪದೇ ಬರುತ್ತದೆ. ಮರೆಹೊಕ್ಕವರಿಗೆ ವಜ್ರದ ಪಂಜರದಂತೆ ಕಾವಲಾಗುವವನು ಎಂದರ್ಥ. ಹಳಗನ್ನಡ ಪಾಠ ಮಾಡುವಾಗ ನಾನು ಇದನ್ನು ಎಷ್ಟೋ ವರ್ಷ ಸಮಾಸ ಬಿಡಿಸಿ ವಿದ್ಯಾರ್ಥಿಗಳಿಗೆ ಬರೆಸಿದ್ದೇನೆ. ಬಿರುದುಗಳು ಹೊಗಳುಭಟರ ಮಾತುಗಳೆಂದು ನಾವೆಲ್ಲ ದಾಟಿಕೊಂಡು ಹೋಗುತ್ತೇವೆ. ಆ ಮಾತಿಗೆ ನಿಜವಾಗಿ ಬೆಲೆ ತೆತ್ತರೆ ಅದು ಎಷ್ಟಾಗುತ್ತದೆ ಎಂಬುದಕ್ಕೆ ಹೊಸಮಲೆದುರ್ಗದ ಬೆಂಕಿ ಸಾಕ್ಷಿ. ಆ ಹೆಂಗಸರನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ. ಅರಸನ ಧರ್ಮದ ಬೆಲೆಯನ್ನು ಅರಸನೊಬ್ಬನೇ ತೆರಲಿಲ್ಲ. ಕಂಪಿಲನನ್ನು ಕೊಂಡಾಡುವಾಗ ಇದನ್ನು ಮರೆಯಬಾರದು.

ಗುರ್ಶಾಸ್ಪ್ ತಟ್ಟಿದ ಎರಡನೆಯ ಬಾಗಿಲು ಮೂರನೆಯ ಬಲ್ಲಾಳನದು. ಸುಲ್ತಾನನ ಸೈನ್ಯ ಬೆನ್ನಹಿಂದೆಯೇ ಬಂತು. ಬಲ್ಲಾಳ ಅವನನ್ನು ಹಿಡಿದು ಒಪ್ಪಿಸಿದ. ಸುಲ್ತಾನ ಅವನ ಚರ್ಮವನ್ನು ಸುಲಿಸಿ ಕೊಲ್ಲಿಸಿದ. ಆ ಚರ್ಮಕ್ಕೆ ಹುಲ್ಲು ತುಂಬಿ ಊರೂರಿಗೆ ತೋರಿಸಿದರು.

ಬಲ್ಲಾಳನನ್ನು ಹೇಡಿ ಎನ್ನುವುದು ಸುಲಭ. ಆದರೆ ಅವನು ಕಂಡದ್ದನ್ನು ನಾವು ಕಂಡಿಲ್ಲ. 1311ರಲ್ಲಿ ಮಲಿಕ್ ಕಾಫರನ ಸೈನ್ಯ ದ್ವಾರಸಮುದ್ರಕ್ಕೆ ಬಂದಾಗ ಅರಸನಾಗಿದ್ದವನು ಅವನೇ. ಭಂಡಾರವನ್ನು ತೆತ್ತು, ಮಗನನ್ನು ದೆಹಲಿಗೆ ಕಳುಹಿಸಿ, ಅವನು ಹಿಂದಿರುಗುವವರೆಗೆ ದಿನ ಎಣಿಸಿದ್ದವನು. ಕಂಪಿಲಿಯ ಹೊಗೆ ಇನ್ನೂ ಆರಿರಲಿಲ್ಲ. ಒಬ್ಬ ಅಪರಿಚಿತನಿಗಾಗಿ ತನ್ನ ಪ್ರಜೆಗಳನ್ನು ಬೆಂಕಿಗೆ ಕೊಡಲೇ ಎಂದು ಅವನು ಕೇಳಿಕೊಂಡಿದ್ದರೆ ಆ ಪ್ರಶ್ನೆಯೂ ರಾಜಧರ್ಮದ ಪ್ರಶ್ನೆಯೇ. ಬಾಗಿಲು ಮುಚ್ಚಿ ಅವನು ಹದಿನೈದು ವರ್ಷಗಳನ್ನು ಗಳಿಸಿದ. ವಿಧಿ ನೋಡಿ: 1342ರ ಸುಮಾರಿನಲ್ಲಿ ಎಂಬತ್ತರ ವಯಸ್ಸಿನ ಆ ಅರಸ ಮಧುರೆಯ ಸುಲ್ತಾನನ ಕೈಗೆ ಸೆರೆಸಿಕ್ಕ. ಅವನನ್ನೂ ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದರು. ಅದನ್ನು ಕಣ್ಣಾರೆ ಕಂಡು ಬರೆದವನೂ ಅದೇ ಇಬ್ನ್ ಬತೂತ. ಇದನ್ನು ನಾನು ಕರ್ಮಫಲವೆಂದು ಹೇಳುತ್ತಿಲ್ಲ. ಬಾಗಿಲು ತೆರೆದವನಿಗೂ ಮುಚ್ಚಿದವನಿಗೂ ಆ ಕಾಲ ಸುಖವಾದ ಸಾವನ್ನು ಇಟ್ಟಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಹಾಗಾದರೆ ಇಬ್ಬರಿಗೂ ವ್ಯತ್ಯಾಸವೇನು? ವ್ಯತ್ಯಾಸವಿರುವುದು ಜನದ ನೆನಪಿನಲ್ಲಿ. ಕಂಪಿಲನ ಮಗ ಕುಮಾರರಾಮ ಈ ನಾಡಿನ ದೇವರಾದ. ನಂಜುಂಡ ಕವಿ ‘ರಾಮನಾಥ ಚರಿತೆ’ಯನ್ನೂ ಪಾಂಚಾಳ ಗಂಗ ‘ಚೆನ್ನರಾಮನ ಸಾಂಗತ್ಯ’ವನ್ನೂ ಬರೆದರು. ಕುಮ್ಮಟದುರ್ಗದಲ್ಲಿ ಅವನಿಗೆ ಇಂದಿಗೂ ಪೂಜೆ ಸಲ್ಲುತ್ತದೆ. ಮರೆಹೊಕ್ಕ ಗುರ್ಶಾಸ್ಪ್ ಆ ಕಥೆಗಳಲ್ಲಿ ಬಹಾದುರಖಾನನಾಗಿ ಸುಳಿಯುತ್ತಾನೆ. ಕಥೆಯ ನಡುವೆ ಒಂದು ಪ್ರಸಂಗವುಂಟು: ಮಲತಾಯಿ ರತ್ನಾಜಿಯ ಸುಳ್ಳು ದೂರನ್ನು ನಂಬಿ ಕಂಪಿಲ ಮಗನ ತಲೆ ತೆಗೆಯಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಬೇರೊಂದು ತಲೆಯನ್ನು ತೋರಿಸಿ ರಾಮನನ್ನು ನೆಲಮನೆಯಲ್ಲಿ ಬಚ್ಚಿಡುತ್ತಾನೆ. ದೆಹಲಿಯ ದಂಡು ಬಂದಾಗ ರಾಮ ಹೊರಗೆ ಬಂದು ಕಾದುತ್ತಾನೆ. ಇದು ಚರಿತ್ರೆಯೆಂದು ನಾನು ವಾದಿಸಲಾರೆ. ಆದರೆ ಪರಕೀಯನೊಬ್ಬನನ್ನು ಕಾಯ್ದ ಮನೆತನದ ಕಥೆ ಹೇಳಹೊರಟ ಜನ, ಆ ಮನೆಯ ಮಗನನ್ನು ಕಾಯ್ದ ಒಬ್ಬನನ್ನೂ ಕಥೆಯಲ್ಲಿ ಇಟ್ಟರು. ಬಚ್ಚಿಟ್ಟುಕೊಂಡವನ ಧೈರ್ಯವನ್ನು ಓಡಿದವನ ಧೈರ್ಯಕ್ಕಿಂತ ಕಡಿಮೆಯೆಂದು ಅವರು ಎಣಿಸಲಿಲ್ಲ.

ಇನ್ನು ಅಕ್ಕನ ಪ್ರಶ್ನೆಯ ಹಿನ್ನೆಲೆ. ಅದು 1975, ತುರ್ತು ಪರಿಸ್ಥಿತಿಯ ಕಾಲ. ನನಗೆ ಹದಿನಾಲ್ಕು ವರ್ಷ, ಅಕ್ಕನಿಗೆ ಹದಿನೆಂಟು. ತಂದೆಯವರು ಶಾಲಾ ಮಾಸ್ತರರು. ಒಂದು ದಿನ ಮುಚ್ಚಂಜೆಯಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ಬಾಗಿಲಿಗೆ ಬಂದ. ಗಡ್ಡ ಬೆಳೆದಿತ್ತು, ಕಾಲಲ್ಲಿ ಚಪ್ಪಲಿಯಿರಲಿಲ್ಲ. ಪೊಲೀಸರು ಹುಡುಕುತ್ತಿದ್ದಾರೆಂಬುದು ನಮಗೆಲ್ಲ ತಿಳಿದಿತ್ತು. “ಮೇಷ್ಟ್ರೇ, ಇದೊಂದು ರಾತ್ರಿ” ಎಂದ. ತಂದೆಯವರು ಹೊಸ್ತಿಲಲ್ಲಿಯೇ ನಿಂತು, “ಇಲ್ಲಿ ಬ್ಯಾಡಪ್ಪಾ, ಮಕ್ಕಳು ಮರಿ ಇರೋ ಮನಿ” ಎಂದು ಹೇಳಿ ಬಾಗಿಲು ಹಾಕಿದರು. ಅಕ್ಕ ಹಿತ್ತಿಲಿಗೆ ಓಡಿ ಗೋಡೆಯ ಮೇಲಿಂದ ಅವನಿಗೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿಗಳನ್ನು ಕೊಟ್ಟಳು. ನಾನು ನೋಡಿದೆ, ಯಾರಿಗೂ ಹೇಳಲಿಲ್ಲ. ಆದರೆ ಅಂದಿನಿಂದ ತಂದೆಯವರ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ತರಗತಿಯಲ್ಲಿ ಕಂಪಿಲರಾಯನ ಹೆಸರು ಬಂದಾಗಲೆಲ್ಲ ಅದು ಚುಚ್ಚುತ್ತಿತ್ತು. ಅವರು ತೀರಿಕೊಂಡ ಮೇಲೂ ಅದು ಹೋಗಲಿಲ್ಲ.

ಆ ಸಂಜೆ ಚಿತ್ರ ಮುಗಿದು ಹುಡುಗರು ಎದ್ದುಹೋದ ಮೇಲೆ ನಾನು ಅಕ್ಕನಿಗೆ ಈ ಕಥೆಗಳನ್ನು ಹೇಳಿದೆ. ಬಲ್ಲಾಳನ ಮಾತು ಬಂದಾಗ, ನಮ್ಮ ಅಪ್ಪನೂ ಹಾಗೆಯೇ ಮಾಡಿದರಲ್ಲವೇ ಎಂದೆ. ಐವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಆ ಮಾತು ನನ್ನ ಬಾಯಿಂದ ಬಂದಿತ್ತು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನೀ ಸಣ್ಣಾವ, ನಿನಗ ಗೊತ್ತಿಲ್ಲ. ಬಾಗಿಲು ಹಾಕ್ಕೊಂಡು ಒಳಗ ಬಂದವರು, ನನಗ ಹಸಿವಿಲ್ಲ, ನನ್ನ ಪಾಲಿನ ರೊಟ್ಟಿ ಯಾರಿಗಾದ್ರೂ ಹಾಕಿಬಿಡು ಅಂದ್ರು. ನಾ ಕೊಟ್ಟದ್ದು ಅವನ್ನ.”

ಬಲ್ಲಾಳನ ಮನೆಯಲ್ಲಿ ಆ ರಾತ್ರಿ ಯಾರು ಉಂಡರು, ಯಾರು ಉಣ್ಣಲಿಲ್ಲ ಎಂಬುದನ್ನು ಯಾವ ಶಾಸನವೂ ಬರೆದಿಲ್ಲ. ಚರಿತ್ರೆಯನ್ನು ಓದುವಾಗ ಬರೆಯದೆ ಉಳಿದ ಇಂಥ ಸಂಗತಿಗೂ ಸ್ವಲ್ಪ ಸ್ಥಳ ಬಿಟ್ಟಿರಬೇಕೆಂದು ನನಗೆ ಈಗ ತೋರುತ್ತದೆ.